ಉಸಿರಿನ ಕೊಳವೆ ತೆಗೆಯುವ ಹೊತ್ತು

ಕೇಳುಗರಿಗೆ ನಮಸ್ಕಾರ. ಪೂರ್ಣ ಅರಿವಳಿಕೆಯಲ್ಲಿ ಆಪರೇಷನ್ ನಡೆಯುವಾಗ ರೋಗಿಯ ಶ್ವಾಸನಾಳದಲ್ಲಿ ಉಸಿರಿನ ಕೊಳವೆ ಇರುತ್ತದೆ. ಅದನ್ನು ಹಾಕುವಾಗ ಥಿಯೇಟರಿನವರೆಲ್ಲರ ಗಮನ ಅಲ್ಲೇ. ತೆಗೆಯುವ ಹೊತ್ತಿಗೆ ಒಬ್ಬರು ಬ್ಯಾಂಡೇಜು ಸುತ್ತುತ್ತಿರುತ್ತಾರೆ, ಇನ್ನೊಬ್ಬರು ಮುಂದಿನ ರೋಗಿಯನ್ನು ಕರೆಯುತ್ತಿರುತ್ತಾರೆ. ಆದರೆ ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಪರಿಶೀಲನೆ ನೋಡಿ: ಅರಿವಳಿಕೆಯ ವೇಳೆ ಉಸಿರಿನ ದಾರಿಗೆ ಒದಗಿದ ಗಂಭೀರ ಅವಘಡಗಳಲ್ಲಿ ಸುಮಾರು ಮೂರನೇ ಒಂದು ಪಾಲು ಆದದ್ದು ರೋಗಿ ಎಚ್ಚರಗೊಳ್ಳುವಾಗ ಅಥವಾ ಚೇತರಿಕೆ ಕೋಣೆಯಲ್ಲಿ.

ಕೊಳವೆ ತೆಗೆಯುವ ಅರಿವಳಿಕೆ ತಜ್ಞರೇ, ಆಪರೇಷನ್ನಿಗಾಗಿ ಕೊಟ್ಟ ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿದಿದೆಯೇ ಎಂಬುದು ಮೊದಲ ಪ್ರಶ್ನೆ. ರೋಗಿ ತಲೆ ಎತ್ತಿದರೆ, ಕೈ ಬಿಗಿಹಿಡಿದರೆ ಸಾಲದು. ಮಣಿಕಟ್ಟಿನ ನರಕ್ಕೆ ಯಂತ್ರದಿಂದ ನಾಲ್ಕು ವಿದ್ಯುತ್ ಮಿಡಿತ ಕೊಟ್ಟು ಅಳೆದಾಗ, ಹೆಬ್ಬೆರಳಿನ ನಾಲ್ಕನೆಯ ಸೆಳೆತ ಮೊದಲನೆಯದರ ಶೇಕಡಾ 90ರಷ್ಟಾದರೂ ಇರಬೇಕು. ಇಲ್ಲದಿದ್ದರೆ ಗಂಟಲಿನ ಸ್ನಾಯುಗಳು ಸೋತು, ಎಂಜಲು ಶ್ವಾಸಕೋಶಕ್ಕೆ ಜಾರಬಹುದು.

ರೋಗಿ ಇನ್ನೂ ಗಾಢ ಅರಿವಳಿಕೆಯಲ್ಲಿರುವಾಗಲೇ ಲ್ಯಾರಿಂಗೋಸ್ಕೋಪ್, ಅಂದರೆ ಗಂಟಲೊಳಗೆ ನೋಡುವ ದೀಪದ ಸಾಧನ ಇಟ್ಟು, ಕಣ್ಣಾರೆ ನೋಡುತ್ತಾ ಗಂಟಲಿನ ಎಂಜಲು, ರಕ್ತವನ್ನು ಹೀರಿ ತೆಗೆಯಿರಿ (ಸಕ್ಷನ್). ಮೂಗು, ಟಾನ್ಸಿಲ್ ಆಪರೇಷನ್ ಆಗಿದ್ದರೆ ಕಿರುನಾಲಿಗೆಯ ಹಿಂದೆ ಹೆಪ್ಪುರಕ್ತ ಅಡಗಿರಬಹುದು. ಗಂಟಲಿಗೆ ತುರುಕಿದ್ದ ಜಾಳು ಬಟ್ಟೆ (ಗಾಜ್) ಹೊರಬಂತೇ ಎಂದು ದಾದಿಯವರೊಂದಿಗೆ ಲೆಕ್ಕ ಹಾಕಿ. ಹಲ್ಲುಗಳ ನಡುವೆ ಬೈಟ್ ಬ್ಲಾಕ್, ಅಂದರೆ ಕಚ್ಚದಂತೆ ತಡೆಯುವ ಅಡ್ಡಿ, ಇಡಿ. ರೋಗಿ ಕೊಳವೆಯನ್ನು ಕಚ್ಚಿಹಿಡಿದು ಬಲವಾಗಿ ಉಸಿರೆಳೆದರೆ ಕೆಲವೇ ನಿಮಿಷಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹಾಗೆ ಕಚ್ಚಿದರೆ ಕೊಳವೆಯನ್ನು ಎಳೆದಾಡಬೇಡಿ. ಕೊಳವೆಯ ತುದಿಯ ಬಳಿ ಶ್ವಾಸನಾಳವನ್ನು ಬಿಗಿಯಾಗಿ ತುಂಬಿರುವ ಗಾಳಿಬುಗ್ಗೆಯನ್ನು (ಕಫ್) ಇಳಿಸಿದರೆ ಕೊಳವೆಯ ಸುತ್ತಲಿಂದ ಗಾಳಿ ಓಡಾಡುತ್ತದೆ.

ತಲೆಯ ಭಾಗ ಎತ್ತರಿಸಿ, ಶೇಕಡಾ 100 ಆಮ್ಲಜನಕ ಕೊಟ್ಟು ಕಾಯಿರಿ. ಈ ಕಾಯುವಿಕೆಯೇ ಎಲ್ಲಕ್ಕಿಂತ ಮುಖ್ಯ. ಅರೆಎಚ್ಚರದಲ್ಲಿ ಗಂಟಲು ಕೆದಕಿದರೆ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಹೇಳಿದ ಮಾತಿಗೆ ಕಣ್ಣು ತೆರೆದು, ತಾನಾಗಿ ಸಮವಾಗಿ ಉಸಿರಾಡತೊಡಗಿದ ಮೇಲೆ, ಕೊಳವೆಗೆ ಜೋಡಿಸಿದ ಆಮ್ಲಜನಕದ ಬ್ಯಾಗನ್ನು ಮೆಲ್ಲನೆ ಒತ್ತುತ್ತಾ ಗಾಳಿಬುಗ್ಗೆ ಇಳಿಸಿ ಕೊಳವೆ ತೆಗೆಯಿರಿ. ಶ್ವಾಸಕೋಶ ತುಂಬಿದ್ದರೆ ಮೊದಲ ಉಸಿರು ಹೊರಕ್ಕೆ ಚಿಮ್ಮಿ, ಉಳಿದ ಎಂಜಲನ್ನೂ ತಳ್ಳುತ್ತದೆ.

ಆಮೇಲೂ ಗಂಟಲು ಬಿಗಿದರೆ ಗಾಬರಿ ಬೇಡ. ದವಡೆಯನ್ನು ಮುಂದಕ್ಕೆ ಎತ್ತಿ, ಬಿಗಿಯಾದ ಮಾಸ್ಕಿನಿಂದ ಒತ್ತಡದಲ್ಲಿ ಆಮ್ಲಜನಕ ಕೊಡಿ. ಬಿಡದಿದ್ದರೆ ಅರಿವಳಿಕೆಯ ಔಷಧ ಪ್ರೊಪೊಫಾಲ್, ಅದಕ್ಕೂ ಬಗ್ಗದಿದ್ದರೆ ಸ್ನಾಯುಗಳನ್ನು ಬೇಗನೆ ಸಡಿಲಿಸುವ ಸಕ್ಸಾಮೆಥೋನಿಯಂ. ಎರಡೂ ಸಿರಿಂಜಿನಲ್ಲಿ ತುಂಬಿ ಸಿದ್ಧವಿರಲಿ. ರೋಗಿ ನೀಲಿಗಟ್ಟಿದ ಮೇಲೆ ಬಾಟಲಿ ಹುಡುಕಬಾರದು.

ಆಪರೇಷನ್ನಿಗೆ ಹೋಗುವವರಿಗೂ ಒಂದು ಮಾತು. ರಾತ್ರಿ ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಅಲುಗಾಡುವ ಹಲ್ಲು, ಹಿಂದೆ ಕೊಳವೆ ಹಾಕಲು ಕಷ್ಟವಾದದ್ದು, ಇವನ್ನೆಲ್ಲ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ಕೊಳವೆಯನ್ನು ಯಾವಾಗ, ಹೇಗೆ ತೆಗೆಯಬೇಕೆಂದು ಅವರು ನಿರ್ಧರಿಸುವಾಗ ಇದೂ ಲೆಕ್ಕಕ್ಕೆ ಬರುತ್ತದೆ. ನಮಸ್ಕಾರ.