ಮಾತ್ರೆಗಿಂತ ಮೊದಲು ಒಂದು ಪ್ರಶ್ನೆ

ನಮಸ್ಕಾರ. ಇಂದಿನ ವಿಷಯ ನಿಮಿರು ದೌರ್ಬಲ್ಯ, ಎಂದರೆ ಸಂಭೋಗಕ್ಕೆ ಬೇಕಾದಷ್ಟು ಶಿಶ್ನ ನಿಮಿರದಿರುವುದು ಅಥವಾ ನಿಮಿರಿದ್ದು ನಿಲ್ಲದಿರುವುದು. ಈ ತೊಂದರೆಯನ್ನು ಕನ್ನಡದಲ್ಲಿ ಹೇಳಹೊರಟರೆ ಮೊದಲು ನಾಲಿಗೆಗೆ ಬರುವ ಪದಗಳೆಲ್ಲ ಬೈಗುಳಗಳೇ. ‘ಷಂಡ’, ‘ನಪುಂಸಕ’ ಎಂಬ ಮಾತುಗಳನ್ನು ಜಗಳದಲ್ಲಿ ಕೇಳಿ ಬೆಳೆದ ಗಂಡಸು ಅದೇ ತೊಂದರೆ ತನಗೆ ಬಂದಾಗ ವೈದ್ಯರೆದುರು ಬಾಯಿ ಬಿಡುವುದು ಸುಲಭವಲ್ಲ. ಇಂಗ್ಲಿಷಿನಲ್ಲಿಯೂ ಹಿಂದೆ ಇದಕ್ಕಿದ್ದ ‘ಇಂಪೊಟೆನ್ಸ್’ ಎಂಬ ಹೆಸರು ಇಡೀ ಮನುಷ್ಯನನ್ನೇ ಅಶಕ್ತನೆಂದು ಕರೆಯುವಂಥದ್ದಾಗಿತ್ತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ ಆ ಪದವನ್ನು ಬದಿಗಿಟ್ಟು, ‘ಎರೆಕ್ಟೈಲ್ ಡಿಸ್ಫಂಕ್ಷನ್’ ಎಂಬ ಹೆಸರನ್ನೇ ಬಳಸುವಂತೆ ಸೂಚಿಸಿತು.

ಈ ತೊಂದರೆ ಅಪರೂಪದ್ದೂ ಅಲ್ಲ. ಬಾಸ್ಟನ್ ಸುತ್ತಮುತ್ತಲಿನ 40ರಿಂದ 70 ವರ್ಷದ ಗಂಡಸರನ್ನು ಪ್ರಶ್ನಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 52ರಷ್ಟು ಮಂದಿಗೆ ಅಲ್ಪವೋ ಅಧಿಕವೋ ಈ ತೊಂದರೆ ಇತ್ತು. ದಣಿದಾಗ, ಕುಡಿದಾಗ, ಮನಸ್ಸು ಸರಿಯಿಲ್ಲದಾಗ ಒಂದೆರಡು ಬಾರಿ ಹೀಗಾಗುವುದು ಕಾಯಿಲೆಯಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಮರುಕಳಿಸಿದರೆ ಮಾತ್ರ ಅದನ್ನು ಗಂಭೀರವಾಗಿ ನೋಡಬೇಕು.

ನನ್ನ ತಕರಾರು ಮೌನದ ಬಗ್ಗೆ ಇರುವಷ್ಟೇ ಗುಟ್ಟಾಗಿ ಕೊಂಡು ನುಂಗುವ ಮಾತ್ರೆಯ ಬಗ್ಗೆಯೂ ಇದೆ. ಮಾತ್ರೆ ಕೆಟ್ಟದ್ದೆಂದಲ್ಲ. ಎದೆನೋವಿಗೆಂದು ಪರೀಕ್ಷಿಸಲಾಗುತ್ತಿದ್ದ ಸಿಲ್ಡೆನಾಫಿಲ್ ಎಂಬ ರಾಸಾಯನಿಕ 1998ರ ಮಾರ್ಚ್‌ನಲ್ಲಿ ವಯಾಗ್ರಾ ಎಂಬ ಹೆಸರಿನಿಂದ ಅಮೆರಿಕದಲ್ಲಿ ಅನುಮತಿ ಪಡೆದು ಅಸಂಖ್ಯ ಜನರಿಗೆ ನೆರವಾಗಿದೆ. ಆದರೆ ಆ ಮಾತ್ರೆ ತೊಂದರೆಯನ್ನು ದಾಟಿಸುತ್ತದೆಯೇ ಹೊರತು ತೊಂದರೆ ಏಕೆ ಬಂತೆಂದು ಹೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಆ ‘ಏಕೆ’ ಒಂದೇ.

ನಿಮಿರುವಿಕೆ ಎಂಬುದು ಮುಖ್ಯವಾಗಿ ರಕ್ತದ ಹರಿವಿನ ಕೆಲಸ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ ನರಗಳ ತುದಿಯಿಂದ ಮತ್ತು ರಕ್ತನಾಳಗಳ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಂದು, ಶಿಶ್ನದೊಳಗಿನ ಸ್ನಾಯುಗಳು ಸಡಿಲಗೊಂಡು, ರಕ್ತ ನುಗ್ಗಿ ತುಂಬಿ, ಹೊರಹೋಗುವ ಸಿರೆಗಳು ಅದುಮಿಕೊಂಡು ಮುಚ್ಚುತ್ತವೆ. ಶಿಶ್ನಕ್ಕೆ ರಕ್ತ ತರುವ ಅಪಧಮನಿಯ ಅಗಲ ಸುಮಾರು 1ರಿಂದ 2 ಮಿಲಿಮೀಟರ್. ಹೃದಯದ ಅಪಧಮನಿಯದು 3ರಿಂದ 4. ಮಧುಮೇಹ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವೆಲ್ಲ ದೇಹದ ಎಲ್ಲ ನಾಳಗಳನ್ನೂ ಒಟ್ಟಿಗೇ ಕೆಡಿಸುತ್ತಿದ್ದರೂ ಕಿರಿದಾದ ನಾಳ ಮೊದಲು ಸೋಲುವುದು ಸಹಜ. ಆದ್ದರಿಂದಲೇ ಅನೇಕರಲ್ಲಿ ಹಾಸಿಗೆಯಲ್ಲಿನ ವಿಫಲತೆ ಎದೆನೋವಿಗಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅಷ್ಟು ಮುಂಚಿತವಾಗಿ ಬಂದ ಎಚ್ಚರಿಕೆಯನ್ನು ಯಾರಿಗೂ ತಿಳಿಯದಂತೆ ತಂದ ಮಾತ್ರೆಯಿಂದ ಸುಮ್ಮನಾಗಿಸಿದವನು ಸಕ್ಕರೆ ಪರೀಕ್ಷೆಯನ್ನೂ ಮಾಡಿಸುವುದಿಲ್ಲ, ಸಿಗರೇಟನ್ನೂ ಬಿಡುವುದಿಲ್ಲ.

ಇನ್ನೊಂದು ಅಪಾಯ ನೇರವಾದದ್ದು. ಎದೆನೋವಿಗೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಈ ಮಾತ್ರೆಯನ್ನೂ ನುಂಗಿದರೆ ರಕ್ತದೊತ್ತಡ ಜೀವಕ್ಕೇ ಕುತ್ತು ತರುವಷ್ಟು ಕುಸಿಯಬಹುದು. ಇದನ್ನು ಕೇಳಿ ತಡೆಯುವವರು ವೈದ್ಯರು. ಗುಟ್ಟಿನ ವ್ಯಾಪಾರದಲ್ಲಿ ಅದನ್ನು ಕೇಳುವವರಿಲ್ಲ. ‘ಗಿಡಮೂಲಿಕೆ’ ಎಂದು ಮಾರುವ ಎಷ್ಟೋ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಪ್ರಯೋಗಾಲಯಗಳಲ್ಲಿ ಪತ್ತೆಯಾಗಿದೆ ಎಂಬುದನ್ನೂ ಇಲ್ಲಿ ನೆನಪಿಸಬೇಕು.

ಹಾಗಾದರೆ ವೈದ್ಯರ ಕೋಣೆಯಲ್ಲಿ ನಡೆಯುವುದೇನು? ಜನ ಹೆದರುವಷ್ಟು ಏನೂ ಇಲ್ಲ. ಬೆಳಗಿನ ಜಾವ ತಾನಾಗಿ ನಿಮಿರುತ್ತದೆಯೇ ಎಂದು ಕೇಳುತ್ತಾರೆ. ನಿಮಿರುತ್ತಿದ್ದರೆ ನಾಳ, ನರಗಳಿಗಿಂತ ಆತಂಕದ ಕಡೆಗೆ ಅನುಮಾನ ಹೆಚ್ಚು. ರಕ್ತದೊತ್ತಡ ನೋಡಿ, ಸಕ್ಕರೆ ಮತ್ತು ಕೊಲೆಸ್ಟರಾಲ್ ಪರೀಕ್ಷೆಗೆ, ಅಗತ್ಯವೆನಿಸಿದರೆ ಬೆಳಿಗ್ಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಪರೀಕ್ಷೆಗೆ ಬರೆಯುತ್ತಾರೆ. ರಕ್ತದೊತ್ತಡಕ್ಕೆ ಅಥವಾ ಖಿನ್ನತೆಗೆ ಕೊಡುವ ಕೆಲವು ಔಷಧಗಳೇ ಕಾರಣವಾಗಿರುವುದೂ ಉಂಟು. ಹಾಗಿದ್ದಾಗ ವೈದ್ಯರು ಬೇರೆ ಔಷಧಕ್ಕೆ ಬದಲಿಸಬಲ್ಲರು, ರೋಗಿ ತಾನೇ ನಿಲ್ಲಿಸುವುದು ತರವಲ್ಲ. ಮಾತ್ರೆ ಫಲಿಸದಿದ್ದರೆ ನಿರ್ವಾತ ಪಂಪು, ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆಯ ತನಕ ದಾರಿಗಳಿವೆ.

ವೈದ್ಯರ ಮೇಲೂ ನನಗೆ ಒಂದು ದೂರಿದೆ. ಮಧುಮೇಹದ ರೋಗಿಯ ಕಣ್ಣು, ಪಾದ, ಮೂತ್ರಪಿಂಡಗಳನ್ನು ವಿಚಾರಿಸುವ ವೈದ್ಯರಲ್ಲಿ ಎಷ್ಟೋ ಮಂದಿ ಇದೊಂದನ್ನು ಮಾತ್ರ ಕೇಳದೆ ಬಿಡುತ್ತಾರೆ. ಅವರು ಕೇಳಲಿ ಎಂದು ರೋಗಿ, ರೋಗಿಯೇ ಹೇಳಲಿ ಎಂದು ಅವರು ಕಾಯುತ್ತಾ ಕುಳಿತರೆ ಸಮಯ ಮುಗಿದು ಮುಂದಿನವರ ಸರದಿ ಬಂದಿರುತ್ತದೆ.

ಹೇಗೆ ಶುರುಮಾಡಬೇಕೆಂದು ತೋಚದವರು ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿದರೂ ಸಾಕು: “ಡಾಕ್ಟರೇ, ಮೂರು ತಿಂಗಳಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ, ಬೆಳಗಿನ ಹೊತ್ತೂ ಇಲ್ಲ. ನಾನು ತೆಗೆದುಕೊಳ್ಳುತ್ತಿರುವ ಮಾತ್ರೆಗಳೆಲ್ಲ ಇಲ್ಲಿವೆ, ನೋಡಿ.”