ಹಾಡುಗಾರನ ಪಾಸ್‌ಬುಕ್

ಕೇಳುಗರೇ, ನಮಸ್ಕಾರ.

2004ನೇ ಇಸವಿ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹಳೆಯ ಮೇಜು, ಕುರ್ಚಿ, ಬೀರು ಮಾರುವ ಒಂದು ಅಂಗಡಿ. ಅಂಗಡಿ ನಡೆಸುವ ಹೆಣ್ಣುಮಗಳ ಹತ್ತಿರ ಒಬ್ಬ ಬಂದ. ನಿಮ್ಮ ತಂದೆಯವರ ಲೆಕ್ಕಪತ್ರ ಸ್ವಲ್ಪ ನೋಡಿಸಿ ಅಂತ ಕಿವಿಮಾತು ಹೇಳಿ ಹೋದ. ಅಷ್ಟೇ. ಮಗಳು ತಂದೆಗೆ ವಿಷಯ ಮುಟ್ಟಿಸಿದಳು. ತಂದೆ ಬ್ಯಾಂಕಿಗೆ ಹೋದರು. ಅಲ್ಲಿ ಅವರಿಗೆ ಗೊತ್ತಾಗಿದ್ದು ಇದು: ಕೆಲವೇ ದಿನಗಳ ಹಿಂದೆ ಅವರ ಸ್ವಂತ ಖಾತೆಯಿಂದ 75,000 ಡಾಲರ್ ಹೋಗಿತ್ತು. ಯಾವುದಕ್ಕೆ? ಅವರ ಮ್ಯಾನೇಜರಮ್ಮನ ಕ್ರೆಡಿಟ್ ಕಾರ್ಡ್ ಬಿಲ್ಲಿಗೆ.

ಆ ತಂದೆಯ ಹೆಸರು ಲಿಯೊನಾರ್ಡ್ ಕೋಹೆನ್. ಕೆನಡಾದ ಮಾಂಟ್ರಿಯಲ್‌ನವರು. ಮೊದಲು ಕವಿ, ಆಮೇಲೆ ಹಾಡುಗಾರ. ಮೊದಲ ಆಲ್ಬಮ್ ಬಂದದ್ದು 1967ರಲ್ಲಿ, ಆಗಲೇ ಅವರಿಗೆ 33. ಪಾತಾಳದಿಂದ ಬಂದಂಥ ದನಿ. ಚೆನ್ನಾಗಿ ಹಾಡುತ್ತಾರೆ ಅಂತ ಹೇಳುವವರು ಕಮ್ಮಿ, ಒಮ್ಮೆ ಕೇಳಿದರೆ ಬಿಡುವವರೂ ಕಮ್ಮಿ. ಬ್ಯಾಂಕಿಗೆ ಹೋದ ಹೊತ್ತಿಗೆ ಅವರಿಗೆ 70 ತುಂಬಿತ್ತು. ನಿವೃತ್ತಿಗೆಂದು ಕೂಡಿಟ್ಟ ಹಣದಲ್ಲಿ 50 ಲಕ್ಷ ಡಾಲರಿಗೂ ಜಾಸ್ತಿ ಮಾಯ. ಉಳಿದದ್ದು ಸುಮಾರು ಒಂದೂವರೆ ಲಕ್ಷ.

ಇಲ್ಲಿ ನನ್ನದೊಂದು ಸಣ್ಣ ಕಥೆ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ನಾನು ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಗಣಪತಿ ಹಬ್ಬ ಬಂತೆಂದರೆ ನಮಗೆ ಸುಗ್ಗಿ. ರಾತ್ರಿ ಒಂದು ಗಂಟೆಗೆ ಕಾರ್ಯಕ್ರಮ ಮುಗಿಯುತ್ತಿತ್ತು. ವ್ಯಾನಿನ ಹಿಂದುಗಡೆ ಡ್ರಮ್ಮು, ಸ್ಪೀಕರು ತುಂಬುತ್ತಿರುವಾಗ ನಮ್ಮ ತಂಡದ ಯಜಮಾನರು ಒಂದು ಕವರು, ಒಂದು ವೋಚರು ಹಿಡಿದು ಬರುತ್ತಿದ್ದರು. ಕವರಿನಲ್ಲಿ ದುಡ್ಡು. ವೋಚರಿನಲ್ಲಿ ಮೊತ್ತದ ಜಾಗ ಖಾಲಿ. "ಅಣ್ಣ, ಎಷ್ಟು ಅಂತ ಬರ್ದೇ ಇಲ್ವಲ್ಲ" ಅಂದರೆ, "ನೀನು ಸಹಿ ಹಾಕಪ್ಪ, ಆಮೇಲೆ ತುಂಬ್ಕೋತೀನಿ" ಅನ್ನುತ್ತಿದ್ದರು. ಹಾಕುತ್ತಿದ್ದೆ. ಅವರು ನನಗೆ ಊಟ ಹಾಕಿದವರು, ಮನೆಯವರೆಗೆ ಬಿಟ್ಟು ಹೋಗುವವರು. ಅಂಥವರನ್ನು ಲೆಕ್ಕ ಕೇಳುವುದು ಹೇಗೆ?

ಕೋಹೆನ್ ಹಾಕಿದ್ದೂ ಅಂಥದೇ ಸಹಿಗಳು. ಕಾಗದ ಮಾತ್ರ ದೊಡ್ಡದು. ಅವರ ಮ್ಯಾನೇಜರ್ ಕೆಲ್ಲಿ ಲಿಂಚ್. ಹಿಂದಿನ ಮ್ಯಾನೇಜರ್ ತೀರಿಕೊಂಡ ಮೇಲೆ, ಅವರ ಕಚೇರಿಯಲ್ಲೇ ಸಹಾಯಕಿಯಾಗಿದ್ದ ಲಿಂಚ್ ಆ ಜಾಗಕ್ಕೆ ಬಂದರು. ಹೆಚ್ಚು ಕಮ್ಮಿ 17 ವರ್ಷ ಜೊತೆಗಿದ್ದರು. ಬರೀ ಮ್ಯಾನೇಜರಲ್ಲ, ಮನೆಯವರ ಹಾಗೆ. ಕೋಹೆನ್ ಲಿಂಚ್ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರು. ಹಾಡುಗಳ ಹಕ್ಕನ್ನು ಸೋನಿ ಕಂಪನಿಗೆ ಮಾರಿ ಬಂದ ಹಣವನ್ನು, ತೆರಿಗೆ ಉಳಿಯಲಿ ಅಂತ, ಬೇರೆ ಒಂದು ಕಂಪನಿ ಮಾಡಿ ಅದರಲ್ಲಿ ಇಟ್ಟಿದ್ದರು. ಆ ಕಂಪನಿಯ ಕಾಗದ ತೆಗೆಸಿ ನೋಡಿದರೆ, ದಾವೆಯಲ್ಲಿ ಹೇಳಿರುವ ಪ್ರಕಾರ, ಮಾಲೀಕತ್ವ ಹೆಚ್ಚೂಕಡಿಮೆ ಪೂರ್ತಿ ಲಿಂಚ್ ಹೆಸರಲ್ಲಿತ್ತು. ಹಾಡು ಬರೆದವರಿಗೆ ಉಳಿದದ್ದು ನೂರಕ್ಕೆ ಒಂದೂ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯುವುದು ಅಂತ ನಮ್ಮಲ್ಲಿ ಸುಲಭವಾಗಿ ಅಂದುಬಿಡುತ್ತೇವೆ. ಆದರೆ ಬೇಲಿ ಮೇಯುತ್ತಿದ್ದಾಗ ಹೊಲದವನು ಎಲ್ಲಿದ್ದ? ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ್ದು ಅದೇ ಭಾಗ.

ಹೊಲದವರು ಬೆಟ್ಟ ಹತ್ತಿದ್ದರು. 1994ರಿಂದ 1999ರವರೆಗೆ ಕೋಹೆನ್ ಇದ್ದದ್ದು ಲಾಸ್ ಏಂಜಲೀಸ್ ಬಳಿಯ ಮೌಂಟ್ ಬಾಲ್ಡಿಯಲ್ಲಿ, ಒಂದು ಝೆನ್ ಬೌದ್ಧ ಮಠದಲ್ಲಿ. ಬೆಳಗಿನ ಜಾವ ಮೂರಕ್ಕೆ ಏಳುವುದು, ಹಿಮ ಬಾಚುವುದು, ತಮ್ಮ ವೃದ್ಧ ಜಪಾನಿ ಗುರುವಿಗೆ ಅಡುಗೆ ಮಾಡುವುದು. 1996ರಲ್ಲಿ ದೀಕ್ಷೆಯನ್ನೂ ತೆಗೆದುಕೊಂಡರು. ಗುರು ಇಟ್ಟ ಹೆಸರು ಜಿಕಾನ್. ಮೌನ ಅನ್ನುವ ಅರ್ಥದ ಹೆಸರು.

ಬೆಟ್ಟ ಇಳಿದವರು ಸೀದಾ ಬಂದದ್ದು ಮುಂಬೈಗೆ. ಹೌದು, ನಮ್ಮ ಮುಂಬೈಗೇ. ಕೆಂಪ್ಸ್ ಕಾರ್ನರ್‌ನ ಒಂದು ಸಾಧಾರಣ ಹೋಟೆಲಿನಲ್ಲಿ ತಿಂಗಳುಗಟ್ಟಲೆ ಉಳಿದರು. ದಿನಾ ಬೆಳಿಗ್ಗೆ ರಮೇಶ್ ಬಾಲ್ಸೇಕರ್ ಅವರ ಮನೆಗೆ ನಡೆದು ಹೋಗಿ ಸತ್ಸಂಗದಲ್ಲಿ ಕೂರುತ್ತಿದ್ದರು. ಬಾಲ್ಸೇಕರ್ ನಿಸರ್ಗದತ್ತ ಮಹಾರಾಜರ ಶಿಷ್ಯರು. ನಿಸರ್ಗದತ್ತರದು ಇಂಚಗೇರಿ ಸಂಪ್ರದಾಯ. ಇಂಚಗೇರಿ ಎಲ್ಲಿದೆ? ನಮ್ಮ ವಿಜಯಪುರ ಜಿಲ್ಲೆಯಲ್ಲಿ! ಭಾವುಸಾಹೇಬ ಮಹಾರಾಜರ ಮಠ ಇರುವ ಊರು. ಒಂದು ಕುಗ್ರಾಮದಲ್ಲಿ ಹೊತ್ತಿಸಿದ ದೀಪದ ಬೆಳಕು ಸುತ್ತಿ ಬಳಸಿ ಒಬ್ಬ ಕೆನಡಾದ ಹಾಡುಗಾರನವರೆಗೆ ಹೋಗಿತ್ತು.

ಬಾಲ್ಸೇಕರ್ ಗುರುವಾಗುವ ಮುಂಚೆ ಏನಾಗಿದ್ದರು ಗೊತ್ತಾ? ಬ್ಯಾಂಕ್ ಆಫ್ ಇಂಡಿಯಾದ ಜನರಲ್ ಮ್ಯಾನೇಜರ್. ಅವರು ಹೇಳುತ್ತಿದ್ದದ್ದರ ಸಾರ ಇಷ್ಟು: ಕೆಲಸಗಳು ಆಗುತ್ತವೆ, ಮಾಡಿದವನು ಅಂತ ಒಬ್ಬ ಇಲ್ಲ. ನೋಡಿ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಎದುರಿಗೆ ಕೋಹೆನ್ ಕಾಲು ಮಡಚಿ ಕೂತು 'ಮಾಡಿದವರು ಯಾರೂ ಇಲ್ಲ' ಅನ್ನುವ ಪಾಠ ಕೇಳುತ್ತಿದ್ದಾರೆ. ಅತ್ತ ಅವರದೇ ಖಾತೆಯಲ್ಲಿ ದುಡ್ಡು ಕರಗುತ್ತಿದೆ. ಇದನ್ನು ಕಥೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ.

ಪಾಠ ನಿಜವೇ ಇರಬಹುದು. ಆದರೆ ಕೋರ್ಟಿಗೆ ಹೋದ ಮೇಲೆ 'ಮಾಡಿದವರು ಯಾರೂ ಇಲ್ಲ' ಅಂತ ದಾವೆ ಹಾಕುವುದಕ್ಕೆ ಆಗುತ್ತದೆಯೇ? ಅಲ್ಲಿ ಪ್ರತಿವಾದಿಯ ಹೆಸರು ಬರೆಯಲೇಬೇಕು.

ಬರೆದರು. 2005ರಲ್ಲಿ ಲಾಸ್ ಏಂಜಲೀಸ್‌ನ ಕೋರ್ಟಿನಲ್ಲಿ ದಾವೆ. ವಕೀಲರ ಫೀಸಿಗೆ ಮನೆ ಅಡ ಇಟ್ಟರು. ಲಿಂಚ್ ಆರೋಪವನ್ನು ಒಪ್ಪಲಿಲ್ಲ. ತೆರಿಗೆ ವಿಷಯದಲ್ಲಿ ಕೋಹೆನ್ ಮಾಡಿದ್ದನ್ನು ಮುಚ್ಚಲು ನನ್ನನ್ನು ಸಿಕ್ಕಿಹಾಕಿಸಿದ್ದಾರೆ ಅನ್ನುವುದು ಅವರ ವಾದ. ಆದರೆ ಆ ವಾದವನ್ನು ದಾವೆಗೆ ಉತ್ತರವಾಗಿ ಕೋರ್ಟಿನ ಮುಂದೆ ಇಡಲಿಲ್ಲ. ನಮ್ಮ ಕೋರ್ಟುಗಳಲ್ಲಿ ಎಕ್ಸ್‌ಪಾರ್ಟಿ ಅನ್ನುತ್ತಾರಲ್ಲ, ಹಾಗೆ 2006ರ ಮಾರ್ಚಿನಲ್ಲಿ ತೀರ್ಪು ಬಂತು. ಲಿಂಚ್ ಸುಮಾರು 90 ಲಕ್ಷ ಡಾಲರ್ ಕೊಡಬೇಕು.

ಗೆದ್ದರು. ದುಡ್ಡು ಬಂತಾ? ಇಲ್ಲ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಹಿಡಿದು ವಸೂಲಿಗೆ ಅಲೆದವರಿಗೆ ಇದು ಹೊಸ ಮಾತಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅಂತ ಆಗ ನಮ್ಮ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಕ್ಯಾಲಿಫೋರ್ನಿಯಾದಲ್ಲೂ ಅದೇ ಪಾಡು.

1872 ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ಕರಾರು ಕಾಯ್ದೆ ಬಂದದ್ದೂ ಅದೇ ವರ್ಷ. ಅದರ 16ನೇ ಕಲಮು ಅನುಚಿತ ಪ್ರಭಾವದ ಬಗ್ಗೆ. ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವರು, ನಂಬಿಕೆಯ ಜಾಗದಲ್ಲಿ ಇರುವವರು, ಆ ಹಿಡಿತ ಬಳಸಿ ಅನ್ಯಾಯದ ಲಾಭ ಬರೆಸಿಕೊಂಡರೆ ಆ ಕರಾರನ್ನು ರದ್ದು ಮಾಡಿಸಬಹುದು. ಉದಾಹರಣೆಗೆ ಕಾಯ್ದೆಯಲ್ಲೇ ಒಬ್ಬ ರೋಗಿ, ಅವನ ಶುಶ್ರೂಷೆಗೆ ಬಂದು ವಿಪರೀತ ಹಣಕ್ಕೆ ಒಪ್ಪಿಸಿಕೊಂಡ ವೈದ್ಯ ಇದ್ದಾರೆ. ಹಾಡುಗಾರ ಮತ್ತು ಮ್ಯಾನೇಜರ್ ಕಥೆಯೂ ಬೇರೆಯಲ್ಲ. ಇಂಗ್ಲೆಂಡಿನಲ್ಲಿ ಗಿಲ್ಬರ್ಟ್ ಓಸಲ್ಲಿವನ್ ಅನ್ನುವ ಐರಿಷ್ ಹಾಡುಗಾರ ಇದೇ ತತ್ವದ ಮೇಲೆ 1982ರಲ್ಲಿ ತಮ್ಮ ಮ್ಯಾನೇಜರ್ ವಿರುದ್ಧ ಗೆದ್ದರು. ಎಳೆ ವಯಸ್ಸಿನಲ್ಲಿ, ಯಾವ ಸಲಹೆಯೂ ಇಲ್ಲದೆ, ಪೂರ್ತಿ ನಂಬಿ ಹಾಕಿದ ಸಹಿಗಳು ಅವು. ಮೇಲ್ಮನವಿಯಲ್ಲಿ ನ್ಯಾಯಾಲಯ ಇನ್ನೊಂದು ಮಾತೂ ಹೇಳಿತು: ಹಾಡುಗಾರನನ್ನು ಬೆಳೆಸುವುದಕ್ಕೆ ಮ್ಯಾನೇಜರ್ ದುಡಿದದ್ದೂ ನಿಜ, ಆ ಕೆಲಸಕ್ಕೆ ನ್ಯಾಯವಾದ ಕೂಲಿ ಅವರಿಗೆ ಸಲ್ಲಬೇಕು. ನನಗೆ ಈ ಮಾತು ಇಷ್ಟ. ಇಂಥ ಜಗಳಗಳಲ್ಲಿ ಒಳ್ಳೆಯದು ಮಾಡಿದವರೇ ಕೆಟ್ಟದ್ದೂ ಮಾಡಿರುತ್ತಾರೆ. ಅದಕ್ಕೇ ಕೇಸು ಹಾಕಲು ಜನರಿಗೆ ಮನಸ್ಸು ಬರುವುದಿಲ್ಲ. ನಮ್ಮ ಯಜಮಾನರು ಹಾಕಿದ ಊಟ ನಿಜವಾದ ಊಟವೇ ಆಗಿತ್ತು.

ಮತ್ತೆ ಕೋಹೆನ್ ಹತ್ತಿರ ಬರೋಣ. ಕೈಯಲ್ಲಿ ತೀರ್ಪು ಇದೆ, ದುಡ್ಡಿಲ್ಲ. ಗೊತ್ತಿದ್ದ ಕಸುಬು ಒಂದೇ. 15 ವರ್ಷದಿಂದ ಪ್ರವಾಸ ಹೋಗಿರಲಿಲ್ಲ. 2008ರ ಮೇ 11ರಂದು ಕೆನಡಾದ ಫ್ರೆಡೆರಿಕ್ಟನ್ ಅನ್ನುವ ಸಣ್ಣ ಊರಿನಲ್ಲಿ, ಒಂದು ಸಣ್ಣ ರಂಗಮಂದಿರದಲ್ಲಿ ಮತ್ತೆ ಹಾಡಲು ನಿಂತರು. ಆಗ ಅವರಿಗೆ 73. ಅಲ್ಲಿಂದ 2010ರ ಡಿಸೆಂಬರಿನವರೆಗೆ ಊರೂರು ಸುತ್ತಿದರು. ರಾತ್ರಿಗೆ ಮೂರು ಗಂಟೆ ಹಾಡು. 2009ರ ಸೆಪ್ಟೆಂಬರಿನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ವೇದಿಕೆಯ ಮೇಲೇ ಕುಸಿದು ಬಿದ್ದರು. ಊಟದಲ್ಲಿ ಏನೋ ಆಗಿತ್ತು. ಮೂರೇ ದಿನಕ್ಕೆ, ತಮ್ಮ 75ನೇ ಹುಟ್ಟುಹಬ್ಬದ ರಾತ್ರಿ, ಬಾರ್ಸಿಲೋನಾದಲ್ಲಿ ಹಾಡಿದರು. ಕಳೆದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಹಾಗೇ ದುಡಿದರು. ಈ ಸಲ ಅವರ ಮ್ಯಾನೇಜರ್ ಯಾರು? ಅವರ ಕೇಸು ನಡೆಸಿಕೊಟ್ಟ ವಕೀಲರೇ. ಪಾಠ ಕಲಿತರು ಅನ್ನಬೇಕೋ, ಮತ್ತೆ ಒಬ್ಬರನ್ನು ನಂಬಿದರು ಅನ್ನಬೇಕೋ ನೀವೇ ಹೇಳಿ. ಮನುಷ್ಯ ಯಾರನ್ನಾದರೂ ನಂಬಲೇಬೇಕಲ್ವಾ.

ದುಡ್ಡಿನ ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಇನ್ನೊಂದು ನಡೆಯುತ್ತಲೇ ಇತ್ತು. ಫೋನು. ಕೆಲಸದಿಂದ ತೆಗೆದ ದಿನದಿಂದ ಲಿಂಚ್ ಕರೆಗಳು ನಿಂತಿರಲಿಲ್ಲ. ಮೊದಮೊದಲು ದಿನಕ್ಕೆ ಹತ್ತಾರು. ಎತ್ತದಿದ್ದರೆ ನಿಮಿಷಗಟ್ಟಲೆ ಬೈಗುಳದ ವಾಯ್ಸ್‌ಮೇಲ್. ಪುಟಗಟ್ಟಲೆ ಇಮೇಲ್, ಅದರ ಪ್ರತಿ ಊರಿನವರಿಗೆಲ್ಲ. ವರ್ಷಗಳು ಕಳೆದವು, ಸಾವಿರಾರು ಸಂದೇಶಗಳಾದವು. ಲಿಂಚ್ ಕೋಹೆನ್ ಅವರನ್ನು ಸಂಪರ್ಕಿಸಬಾರದು ಅಂತ 2008ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಕೋರ್ಟು ಆದೇಶ ಕೊಟ್ಟಿತು. ಆದೇಶ ಫೈಲಿನಲ್ಲಿ ಉಳಿಯಿತು, ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ 2012ರಲ್ಲಿ ಲಿಂಚ್ ಬಂಧನವಾಯಿತು. ಜ್ಯೂರಿ, ಅಂದರೆ ತಪ್ಪೋ ಸರಿಯೋ ಅಂತ ತೀರ್ಮಾನಿಸಲು ಕೂತ ಸಾಮಾನ್ಯ ನಾಗರಿಕರ ಮುಂದೆ ವಿಚಾರಣೆ.

77ರ ಕೋಹೆನ್ ಸೂಟು ಹಾಕಿಕೊಂಡು ಸಾಕ್ಷಿ ಹೇಳಲು ಬಂದರು. ಮನೆಯ ಹತ್ತಿರ ಯಾವುದಾದರೂ ಕಾರು ನಿಧಾನವಾದರೆ ಆತಂಕವಾಗುತ್ತದೆ ಅಂದರು. ಅಷ್ಟು ಸಣ್ಣ ಮಾತು. ಕಾರು ನಿಧಾನವಾಗುವುದೂ ಒಂದು ಘಟನೆಯೇ? ನಮಗೆ ಅಲ್ಲ. ಇಷ್ಟು ವರ್ಷ ಫೋನು ಕೇಳಿದವರಿಗೆ ಹೌದು. ಕಿರುಕುಳ ಅಂದರೆ ಏನು ಅಂತ ಕಾನೂನು ಪುಸ್ತಕದಲ್ಲಿ ಎಷ್ಟು ಕಲಮು ಓದಿದರೂ ನನಗೆ ಇಷ್ಟು ಅರ್ಥವಾಗಿರಲಿಲ್ಲ. 90 ಲಕ್ಷದ ತೀರ್ಪಿನಲ್ಲಿ ಈ ಭಯಕ್ಕೆ ಯಾವ ಬೆಲೆಯೂ ಇರಲಿಲ್ಲ.

ಏಪ್ರಿಲಿನಲ್ಲಿ ಜ್ಯೂರಿ ತಪ್ಪಿತಸ್ಥೆ ಅಂದಿತು. 18 ತಿಂಗಳ ಜೈಲು, ಮೇಲೆ ಐದು ವರ್ಷದ ಪ್ರೊಬೇಷನ್, ಅಂದರೆ ಹೊರಗಿದ್ದರೂ ಕೋರ್ಟಿನ ನಿಗಾ. ಶಿಕ್ಷೆ ಹೇಳುವ ದಿನ ಕೋಹೆನ್ ಕೋರ್ಟಿನಲ್ಲಿ ಮಾತಾಡಿದರು. ಜ್ಯೂರಿ ವಿಚಾರಣೆಯೇ ಬೇಕು ಅಂತ ಹಟ ಹಿಡಿದ ಆರೋಪಿಗೆ ಥ್ಯಾಂಕ್ಸ್ ಹೇಳಿದರು. ಅವರ ನಡತೆ ಏನು ಅಂತ ಎಲ್ಲರೂ ಕಣ್ಣಾರೆ ನೋಡುವಂತಾಯಿತಲ್ಲ, ಅದಕ್ಕೆ. ಸನ್ಯಾಸಿಯಾದರೂ ಚುಚ್ಚುವುದನ್ನು ಮರೆತಿರಲಿಲ್ಲ. ಒಂದು ಕಾಲದ ಸ್ನೇಹಿತೆಯನ್ನು ಹೀಗೆ ಕುರ್ಚಿಗೆ ಸಂಕೋಲೆ ಹಾಕಿ ಕೂರಿಸಿದ್ದನ್ನು ನೋಡಿ ನನಗೆ ಯಾವ ಸಂತೋಷವೂ ಇಲ್ಲ ಅಂತಲೂ ಹೇಳಿದರು. ಅವರ ಮನಸ್ಸು ದ್ವೇಷ ಬಿಟ್ಟು ಪಶ್ಚಾತ್ತಾಪದ ಕಡೆ ತಿರುಗಲಿ ಅಂತ ಪ್ರಾರ್ಥನೆ ಮಾಡಿದರು. ಮೌಂಟ್ ಬಾಲ್ಡಿ, ಮುಂಬೈ ಎರಡೂ ಆ ಹೊತ್ತಿನಲ್ಲಿ ಅವರ ಜೊತೆ ಕಟಕಟೆಯ ಹತ್ತಿರ ನಿಂತಿದ್ದವೇನೋ. ಮಾಡಿದವರು ಯಾರು ಅಂತ ಕೋರ್ಟು ತೀರ್ಮಾನಿಸಿಯಾಗಿತ್ತು. ಅದರ ಮೇಲೆ ದ್ವೇಷ ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವುದು ಮಾತ್ರ ಅವರಿಗೆ ಉಳಿದಿತ್ತು.

ಅದೇ ವರ್ಷ ಆಗಸ್ಟಿನಲ್ಲಿ ಅವರು ಬೆಲ್ಜಿಯಂನ ಘೆಂಟ್ ಊರಿನ ಬಯಲಿನಲ್ಲಿ ಮತ್ತೆ ಪ್ರವಾಸ ಶುರು ಮಾಡಿದರು. ವೇದಿಕೆಗೆ ಓಡುತ್ತಾ ಬರುವುದು, ಹಾಡುತ್ತಾ ಮಂಡಿಯೂರುವುದು, ಹ್ಯಾಟು ತೆಗೆದು ಎದೆಗೆ ಹಿಡಿಯುವುದು. ನಡುವೆ ವಾದ್ಯದವರ ಹೆಸರನ್ನು ಒಂದೊಂದಾಗಿ ಹೇಳಿ, ಹೇಳಿದವರ ಕಡೆ ತಿರುಗಿ ತಲೆ ಬಾಗುತ್ತಿದ್ದರು. ಒಮ್ಮೆಯಲ್ಲ, ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ. ಆ ವಿಡಿಯೊಗಳನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಕೀಬೋರ್ಡಿನವರ ಮೇಲೇ ಇರುತ್ತದೆ.

ನಮ್ಮ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನ ಹೆಸರನ್ನು ಮೈಕಿನಲ್ಲಿ ಯಾರೂ ಹೇಳಿದ್ದಿಲ್ಲ. ಆ ವೋಚರುಗಳಲ್ಲಿ ನನ್ನ ಹೆಸರಿನ ಎದುರಿಗೆ ಎಷ್ಟು ತುಂಬಿಕೊಂಡರೋ, ಅದೂ ಇವತ್ತಿಗೂ ಗೊತ್ತಿಲ್ಲ.

ನಮಸ್ಕಾರ.