ಕೆಳಗಿನ ಸೆಟ್ಟು ಯಾಕೆ ನಿಲ್ಲುವುದಿಲ್ಲ?

ಕೇಳುಗರಿಗೆ ನಮಸ್ಕಾರ.

ಪೂರ್ತಿ ಹಲ್ಲು ಕಟ್ಟಿಸಿಕೊಂಡವರನ್ನು ಮಾತಾಡಿಸಿ ನೋಡಿ. ದೂರು ಹೆಚ್ಚುಕಮ್ಮಿ ಒಂದೇ ಇರುತ್ತದೆ. "ಮೇಲಿನದು ಪರವಾಗಿಲ್ಲ, ಕೆಳಗಿನದು ನಿಲ್ಲೋದೇ ಇಲ್ಲ." ಆಮೇಲೆ ಸೆಟ್ ಮಾಡಿದ ಡಾಕ್ಟರಿಗೆ ನಾಲ್ಕು ಮಾತು. ಕೆಲವು ಸಲ ಆ ಮಾತು ನ್ಯಾಯವೇ ಇರಬಹುದು. ಆದರೆ ಕೆಳಗಿನ ಸೆಟ್ಟು ಅಲುಗುವುದಕ್ಕೆ ಬಾಯಲ್ಲೇ ಕಾರಣ ಇದೆ. ಅದು ಮೊದಲೇ ಗೊತ್ತಿದ್ದರೆ ಅರ್ಧ ಬೇಜಾರು ಕಡಿಮೆಯಾಗುತ್ತದೆ.

ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚಿಕೊಂಡು ಕೂರುತ್ತದೆ. ನಡುವೆ ಎಂಜಲಿನ ತೆಳ್ಳನೆಯ ಪದರ. ಒದ್ದೆಯಾದ ಎರಡು ಗಾಜಿನ ಚೂರು ಅಂಟಿಕೊಳ್ಳುತ್ತವಲ್ಲ, ಹಾಗೆ ಹಿಡಿದುಕೊಳ್ಳುತ್ತದೆ. ಕೆಳಗೆ ಆ ಅನುಕೂಲ ಎಲ್ಲಿ? ಅಲ್ಲಿ ನಾಲಿಗೆ ಇದೆ. ಅದಕ್ಕೆ ಜಾಗ ಬಿಟ್ಟು, ವಸಡಿನ ದಿಂಡಿನ ಮೇಲಷ್ಟೇ ಕೂರಬೇಕು. ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ಕೆನ್ನೆ, ತುಟಿ. ಮಾತಾಡಿದರೂ ತಳ್ಳಾಟ, ನುಂಗಿದರೂ ತಳ್ಳಾಟ.

ಈ ತಾಪತ್ರಯ ಹಳೆಯದು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರಕ್ಕೆ ಬಂದಾಗ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಅವರದು ಮರದ ಹಲ್ಲು ಅನ್ನುವುದು ಸುಮ್ನೆ ಹುಟ್ಟಿದ ಕಥೆ. ಪ್ರಾಣಿಯ ದಂತ, ಲೋಹ, ಬೇರೆ ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದು. ಮೇಲಿನದನ್ನು ಮೇಲಕ್ಕೆ, ಕೆಳಗಿನದನ್ನು ಕೆಳಕ್ಕೆ ಒತ್ತಿ ಹಿಡಿಯಲು ನಡುವೆ ಸ್ಪ್ರಿಂಗ್! ಬಾಯಿ ಮುಚ್ಚಿಕೊಂಡಿರುವುದೇ ಒಂದು ಕೆಲಸ ಆಗಿರಬೇಕು ಪಾಪ. ಈಗ ನಾವು ಬಳಸುವ ಗುಲಾಬಿ ಬಣ್ಣದ ಅಕ್ರಿಲಿಕ್ ಬಂದದ್ದು 1930ರ ದಶಕದಲ್ಲಿ.

ಇನ್ನೊಂದು ಕಾರಣ ಮೂಳೆ. ಹಲ್ಲಿನ ಬೇರು ಇರುವವರೆಗೆ ಅದನ್ನು ಹಿಡಿದ ಮೂಳೆಗೂ ಕೆಲಸ ಇರುತ್ತದೆ. ಹಲ್ಲು ಕಿತ್ತ ಮೇಲೆ ಆ ಮೂಳೆ ಸವೆಯುತ್ತದೆ. ಮೊದಲ ವರ್ಷ ಜಾಸ್ತಿ, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಮೇಲಿನ ದವಡೆಗಿಂತ ಕೆಳಗಿನದೇ ಹೆಚ್ಚು ಸವೆಯುತ್ತದೆ. ಸೆಟ್ಟು ಇದ್ದ ಹಾಗೇ ಇರುತ್ತದೆ, ಅಡಿಯ ವಸಡು ಇಳಿದಿರುತ್ತದೆ. "ಐದು ವರ್ಷ ಚೆನ್ನಾಗಿತ್ತು, ಈಗ ಏನಾಯ್ತೋ" ಅನ್ನುತ್ತಾರಲ್ವಾ, ಆಗಿರುವುದು ಇದೇ. ಹಾಗಾಗಿ ಕೆಳಗೆ ಒಂದೆರಡು ಗಟ್ಟಿ ಬೇರು ಉಳಿದಿದ್ದರೆ "ಎಲ್ಲಾ ಕಿತ್ತುಬಿಡಿ ಡಾಕ್ಟ್ರೇ" ಅನ್ನಬೇಡಿ. ಬೇರು ಉಳಿಸಿಕೊಂಡು ಅದರ ಮೇಲೇ ಸೆಟ್ ಕೂರಿಸಲು ಆಗುತ್ತದಾ ಎಂದು ಕೇಳಿ.

ಸೆಟ್ ಮಾಡುವಾಗ ಅಚ್ಚು ತೆಗೆಯುತ್ತಾರೆ, ಕಚ್ಚುವ ಎತ್ತರ ಅಳೆಯುತ್ತಾರೆ. ಅದು ಅವರ ಕೆಲಸ. ನಿಮ್ಮ ಕೆಲಸ ಇರುವುದು ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿ ಇಟ್ಟು ನೋಡುವ ದಿನ. ಆ ದಿನ ದಯವಿಟ್ಟು ಸಂಕೋಚ ಪಡಬೇಡಿ. ಮೇಣದಲ್ಲಿರುವಾಗ ಹಲ್ಲನ್ನು ಸರಿಸಬಹುದು, ತಿರುಗಿಸಬಹುದು. ಅಕ್ರಿಲಿಕ್ ಆದ ಮೇಲೆ ಕಷ್ಟ. ಕನ್ನಡಿ ಕೇಳಿ, ಕಿಟಕಿ ಹತ್ತಿರ ನಿಂತು ನಕ್ಕು ನೋಡಿ. ಹಲ್ಲು ಕಾಣುವ ಹಳೆಯ ಫೋಟೋ ಇದ್ದರೆ ಕೊಂಡೊಯ್ಯಿರಿ. ಬಾಯಿಬಿಟ್ಟು ಮಾತಾಡಿ: ಸೊಸೆ, ಸಾಸಿವೆ, ಸೊನ್ನೆ. "ಸ" ಅನ್ನುವಾಗ ಮೇಲಿನ, ಕೆಳಗಿನ ಹಲ್ಲು ಹತ್ತಿರ ಬರಬೇಕು, ಬಡಿಯಬಾರದು. ಟಕ್ ಟಕ್ ಎಂದರೆ ಎತ್ತರ ಜಾಸ್ತಿಯಾಗಿರಬಹುದು, ಆಗಲೇ ಹೇಳಿ. ಬಣ್ಣದ ವಿಷಯ ನಿಮ್ಮಿಷ್ಟ. ಆದರೆ ಎಪ್ಪತ್ತರ ಮುಖದಲ್ಲಿ ಸುಣ್ಣದ ಬಿಳುಪಿನ ಹಲ್ಲು ನನಗಂತೂ ಚೆನ್ನಾಗಿ ಕಾಣುವುದಿಲ್ಲ.

ಸೆಟ್ ಕೈಗೆ ಬಂದ ಮೊದಲ ವಾರಗಳಲ್ಲಿ ಜೊಲ್ಲು ಜಾಸ್ತಿ, ಮಾತು ತೊದಲು. ಎರಡೂ ಕಡಿಮೆಯಾಗುತ್ತವೆ. ದಿನಾ ಸ್ವಲ್ಪ ಹೊತ್ತು ಪೇಪರನ್ನು ಗಟ್ಟಿಯಾಗಿ ಓದಿ. ಮೆತ್ತಗಿನದ್ದನ್ನು ಸಣ್ಣ ತುಂಡು ಮಾಡಿ, ಎರಡೂ ಕಡೆ ಸಮವಾಗಿ ಅಗಿಯಿರಿ. ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದರೆ ಹಿಂದೆ ಏಳುತ್ತದೆ. ಸ್ವಂತ ಹಲ್ಲಿನಷ್ಟು ಬಲ ಇದಕ್ಕೆ ಬರುವುದೇ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ವಸಡಿನಲ್ಲಿ ಎಲ್ಲೋ ಒತ್ತಿ ಹುಣ್ಣಾದರೆ ಜನ ಮಾಡುವುದು ಎರಡೇ. ಒಂದು, ಸೆಟ್ಟನ್ನು ಡಬ್ಬಿಗೆ ಹಾಕಿ ಕಪಾಟಿನಲ್ಲಿಡುವುದು. ಇನ್ನೊಂದು, ಮನೆಯಲ್ಲೇ ಬ್ಲೇಡು ತೆಗೆದುಕೊಂಡು ಕೆರೆಯುವುದು. ಎರಡೂ ಬೇಡ. ನೋವು ಜಾಸ್ತಿ ಇದ್ದರೆ ತೆಗೆದಿಡಿ, ಆದರೆ ಡಾಕ್ಟರ ಹತ್ತಿರ ಹೋಗುವ ಮುಂಚೆ ಕೆಲವು ಗಂಟೆ ಹಾಕಿಕೊಂಡಿರಿ. ಒತ್ತಿದ ಜಾಗ ಕೆಂಪಗೆ ಕಂಡರೆ ಅಷ್ಟನ್ನೇ ಉಜ್ಜಿ ಸರಿಮಾಡುತ್ತಾರೆ. ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮಾತ್ರ ತಡ ಮಾಡಲೇಬೇಡಿ, ತೋರಿಸಿಬಿಡಿ. ಮುರಿದ ಸೆಟ್ಟಿಗೆ ಅಂಗಡಿಯ ಗೋಂದು ಹಚ್ಚಬೇಡಿ.

ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ವಸಡಿಗೂ ವಿಶ್ರಾಂತಿ ಬೇಕು. ಹಗಲೂ ರಾತ್ರಿ ಹಾಕಿಕೊಂಡೇ ಇದ್ದವರ ಅಂಗುಳ ಎಷ್ಟೋ ಸಲ ಕೆಂಪಗಾಗಿರುತ್ತದೆ, ಅದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಮೆತ್ತನೆ ಬ್ರಶ್ಶು, ಸಾದಾ ಸೋಪು ಸಾಕು. ಕುದಿಯುವ ನೀರು ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೊಂದು ನೀರು ತುಂಬಿದ ಬೇಸಿನ್ ಇರಲಿ, ಕೈಜಾರಿದರೂ ಮುರಿಯುವುದಿಲ್ಲ.

ಇಷ್ಟಾದರೂ ಕೆಳಗಿನದು ನಿಲ್ಲಲಿಲ್ಲ ಎಂದರೆ? ಸೆಟ್ಟು ಚೆನ್ನಾಗಿದ್ದು ವಸಡು ಮಾತ್ರ ಇಳಿದಿದ್ದರೆ, ಒಳಭಾಗಕ್ಕೆ ಹೊಸ ಪದರ ಕೂರಿಸಿಕೊಡುತ್ತಾರೆ, ರಿಲೈನ್ ಅನ್ನುತ್ತಾರೆ. ಅದೂ ಸಾಲದಿದ್ದರೆ ಇಂಪ್ಲಾಂಟ್. ಬಾಯಿ ತುಂಬ ಬೇಕಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡು ಟೈಟಾನಿಯಂ ಸ್ಕ್ರೂ ಕೂರಿಸಿ, ಸೆಟ್ಟನ್ನು ಟಿಚ್ ಬಟನ್ ಒತ್ತಿದ ಹಾಗೆ ಅದಕ್ಕೆ ಹಾಕುವುದು. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಇದೇ ಮೊದಲ ಆಯ್ಕೆಯಾಗಬೇಕು ಎಂದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಬೀಡಿ ಸಿಗರೇಟು ಸೇದುವವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಈ ಸೆಟ್ಟನ್ನೂ ರಾತ್ರಿ ತೆಗೆದಿಡುವುದೇ ಒಳ್ಳೆಯದು. ಸ್ಕ್ರೂ ಸುತ್ತ ದಿನಾ ಬ್ರಶ್ ಮಾಡಬೇಕು. ಸೆಟ್ಟಿನ ಒಳಗಿದ್ದು ಸ್ಕ್ರೂವನ್ನು ಹಿಡಿದುಕೊಳ್ಳುವ ಪುಟ್ಟ ಬಳೆ ಸವೆದು ಸಡಿಲವಾದಾಗ ಅದೊಂದನ್ನೇ ಬದಲಾಯಿಸಿದರೆ ಸಾಕು, ಸೆಟ್ಟು ಅದೇ ನಡೆಯುತ್ತದೆ.

ನಮಸ್ಕಾರ.